ಇಂಗ್ಲಿಷಿನ ಉದ್ದ ಪದಗಳನ್ನು ಬಿಡಿಸಿ ಓದುವುದು: ಕನ್ನಡ ಮಾಧ್ಯಮದ ವಿದ್ಯಾರ್ಥಿಗೊಂದು ಸಮಗ್ರ ಮಾರ್ಗದರ್ಶಿ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರುವವರು ಮೊದಲ ತಿಂಗಳುಗಳಲ್ಲಿ ಎಡವುವುದು ಹೆಚ್ಚಾಗಿ ಪದಗಳ ಮುಂದೆ. ವಿಷಯ ಅವರಿಗೆ ಗೊತ್ತಿರುತ್ತದೆ. ದ್ಯುತಿಸಂಶ್ಲೇಷಣೆ ಹೇಗೆ ನಡೆಯುತ್ತದೆಂದು ಎಲೆಯ ಚಿತ್ರ ಬರೆದು ವಿವರಿಸಬಲ್ಲ ಹುಡುಗಿಯೇ ಫೋಟೋಸಿಂಥೆಸಿಸ್ ಎಂಬ 14 ಅಕ್ಷರಗಳ ಪದ ಕಂಡೊಡನೆ ಮೊದಲ ಭಾಗವನ್ನಷ್ಟೇ ಓದಿ, ಉಳಿದದ್ದನ್ನು ಊಹಿಸಿ, ಮುಂದಿನ ಸಾಲಿಗೆ ಹಾರುತ್ತಾಳೆ. ಒಂದು ಪುಟದಲ್ಲಿ ಇಂತಹ ಏಳೆಂಟು ಪದಗಳಿದ್ದರೆ ಪುಟವೇ ಕೈತಪ್ಪುತ್ತದೆ. ಎರಡು ವಾರ ಹೀಗೇ ಕಳೆದರೆ ತನಗೆ ವಿಜ್ಞಾನವೇ ಹತ್ತುವುದಿಲ್ಲವೆಂದು ಆಕೆ ನಂಬಿಬಿಡುತ್ತಾಳೆ. ಇದು ದೊಡ್ಡ ಅನ್ಯಾಯ.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಮದ್ದು ಸ್ಪೆಲ್ಲಿಂಗ್ ಬಾಯಿಪಾಠ. ಪಿ-ಎಚ್-ಓ-ಟಿ-ಓ ಎಂದು ರಾಗವಾಗಿ ಹೇಳುವುದು, ಹತ್ತು ಸಲ ಬರೆಯುವುದು. ಐದಾರು ಅಕ್ಷರಗಳ ಪದಕ್ಕೆ ಇದು ನಡೆಯುತ್ತದೆ. 14 ಅಕ್ಷರಗಳ ಪದಕ್ಕೆ ನಡೆಯುವುದಿಲ್ಲ. ನಡುವೆ ಒಂದು ಅಕ್ಷರ ಮರೆತರೆ ಮುಂದಿನದೆಲ್ಲ ಮರೆಯುತ್ತದೆ. ಉದ್ದ ಪದವನ್ನು ತುಂಡು ಮಾಡಿಯೇ ಓದಬೇಕು, ತುಂಡು ತುಂಡಾಗಿಯೇ ನೆನಪಿಟ್ಟುಕೊಳ್ಳಬೇಕು.

ತುಂಡು ಮಾಡುವ ವಿದ್ಯೆ ಕನ್ನಡ ಮಾಧ್ಯಮದವರಿಗೆ ಹೊಸದೇನಲ್ಲ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದೀರಿ. ಸಂಧಿ ಬಿಡಿಸಿದ್ದೀರಿ. ವಿಭಕ್ತಿ ಪ್ರತ್ಯಯ ಗುರುತಿಸಿದ್ದೀರಿ. ಈ ಮೂರೂ ಇಂಗ್ಲಿಷ್ ಪದ ಓದಲು ನೇರವಾಗಿ ಬಳಕೆಗೆ ಬರುತ್ತವೆ. ಅವನ್ನು ಕನ್ನಡ ಪೀರಿಯಡ್ಡಿಗಷ್ಟೇ ಮೀಸಲಿಟ್ಟು, ಇಂಗ್ಲಿಷ್ ಪುಸ್ತಕ ತೆರೆದಾಗ ಬರಿಗೈಯಲ್ಲಿ ನಿಲ್ಲುವುದೇಕೆ?

ಈ ಲೇಖನದಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಓದುವಾಗ ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಮತ್ತು ಇಂಗ್ಲಿಷಿನ ವಿಜ್ಞಾನ ಪುಸ್ತಕ ಇರಲಿ. ಪ್ರತಿ ಉದಾಹರಣೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ನಾನು ಹೇಳಿದಲ್ಲಿ ಗೆರೆ ಎಳೆಯಿರಿ. ಅಡ್ಡಗೆರೆ ಇದ್ದರೆ ಅದು ಉಚ್ಚಾರದ ತುಂಡು; ಕೂಡುವ ಚಿಹ್ನೆ ಇದ್ದರೆ ಅರ್ಥದ ತುಂಡು.

ಮೊದಲು ತಿಳಿಯಬೇಕಾದದ್ದು: ತುಂಡುಗಳಲ್ಲಿ ಎರಡು ಬಗೆ

ಉಚ್ಚಾರದ ತುಂಡಿಗೆ ಸಿಲಬಲ್ ಎನ್ನುತ್ತಾರೆ. ಒಂದು ಸ್ವರದ ಧ್ವನಿ, ಅದರ ಹಿಂದೆ ಮುಂದೆ ಅಂಟಿಕೊಂಡ ವ್ಯಂಜನಗಳು, ಇಷ್ಟು ಸೇರಿದರೆ ಒಂದು ಸಿಲಬಲ್. ಅರ್ಥದ ತುಂಡು ಬೇರೆ: ಮುಂದೆ ಸೇರುವ ಉಪಸರ್ಗ, ನಡುವಿನ ಧಾತು, ಕೊನೆಗೆ ಸೇರುವ ಪ್ರತ್ಯಯ.

ಈ ಎರಡು ಬಗೆಯ ಗೆರೆಗಳು ಯಾವಾಗಲೂ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಟೀಚರ್ ಪದವನ್ನು ಬಾಯಿ ಟೀ-ಚರ್ ಎಂದು ಒಡೆಯುತ್ತದೆ. ಅರ್ಥ ಟೀಚ್ + ಅರ್ ಎಂದು ಒಡೆಯುತ್ತದೆ. ನಿಘಂಟುಗಳಲ್ಲೂ ಈ ಜಗ್ಗಾಟ ಕಾಣುತ್ತದೆ. ಜ್ಞಾನ ಎಂಬ ಅರ್ಥದ ನಾಲೆಜ್ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬೇಕಾದರೆ ಅಮೆರಿಕದವರು ಎಲ್ ಅಕ್ಷರದ ನಂತರ, ಉಚ್ಚಾರ ನೋಡಿ ಮುರಿಯುತ್ತಾರೆ. ಬ್ರಿಟನ್ನಿನ ಹಳೆಯ ರೂಢಿ ಡಬ್ಲ್ಯೂ ನಂತರ, ‘ನೋ’ ಎಂಬ ಮೂಲ ಪದವನ್ನು ಉಳಿಸಿಕೊಂಡು ಮುರಿಯುವುದು. ಆದ್ದರಿಂದ ‘ಸರಿಯಾದ ಜಾಗ ಯಾವುದು’ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಉದ್ದೇಶ ಪದವನ್ನು ಓದುವುದು, ಅರ್ಥ ಮಾಡಿಕೊಳ್ಳುವುದು.

ಆದರೆ ಕ್ರಮ ಒಂದನ್ನು ಬಿಡಬಾರದು. ಮೊದಲು ಅರ್ಥದ ಗೆರೆ, ಆಮೇಲೆ ಉಚ್ಚಾರದ ಗೆರೆ. ರಸಾಯನಶಾಸ್ತ್ರದ ರಿಯಾಕ್ಷನ್ ಪದ ನೋಡಿ. ಆರ್-ಇ-ಎ-ಸಿ-ಟಿ ಎಂದು ಆರಂಭವಾಗುತ್ತದೆ. ಇ-ಎ ಒಟ್ಟಿಗೆ ಕಂಡರೆ ರೀಡ್, ರೀಚ್ ಪದಗಳ ನೆನಪಾಗಿ ‘ರೀಕ್ಷನ್’ ಎಂದು ಓದುವವರಿದ್ದಾರೆ. ರೀ ಎಂಬ ಉಪಸರ್ಗವನ್ನು ಮೊದಲೇ ಗೆರೆ ಹಾಕಿ ಬೇರೆ ಮಾಡಿದ್ದರೆ ಈ ತಪ್ಪಿಗೆ ಎಡೆಯೇ ಇರುತ್ತಿರಲಿಲ್ಲ: ರೀ + ಆಕ್ಟ್ + ಷನ್. ಊರೂರಿನ ಬೋರ್ಡುಗಳಲ್ಲಿ ಕಾಣುವ ಕೋಆಪರೇಟಿವ್ ಕೂಡ ಹಾಗೆಯೇ. ಎರಡು ಓ ಅಕ್ಷರಗಳನ್ನು ಕೂಡಿಸಿ ‘ಕೂಪರೇಟಿವ್’ ಎಂದು ಓದಬಾರದೆಂದು ತಿಳಿಯುವುದು ಕೋ ಬೇರೆ, ಆಪರೇಟ್ ಬೇರೆ ಎಂದು ಗೊತ್ತಿದ್ದಾಗ. ಕನ್ನಡದ ಸಹಕಾರಿ ಎಂಬುದರಲ್ಲೂ ಅದೇ ಎರಡು ತುಂಡುಗಳಿವೆ: ಸಹ, ಕಾರಿ.

ಹೆಜ್ಜೆ 1: ಎಷ್ಟು ಸಿಲಬಲ್ ಇವೆ ಎಂದು ಎಣಿಸುವುದು

ಗದ್ದದ ಕೆಳಗೆ ಅಂಗೈ ಇಟ್ಟು ಪದವನ್ನು ನಿಧಾನವಾಗಿ ಹೇಳಿ. ಪ್ರತಿ ಸ್ವರಕ್ಕೂ ದವಡೆ ಒಮ್ಮೆ ಕೆಳಗಿಳಿಯುತ್ತದೆ. ಎಷ್ಟು ಸಲ ಇಳಿಯಿತೋ ಅಷ್ಟು ಸಿಲಬಲ್.

ಇಲ್ಲಿ ಕನ್ನಡಿಗರು ಒಂದು ಎಚ್ಚರ ವಹಿಸಬೇಕು. ನಮ್ಮ ಭಾಷೆಗೆ ಪದದ ಕೊನೆಯಲ್ಲಿ ಸ್ವರ ಬೇಕು. ಹಾಗಾಗಿ ಬಸ್ ನಮ್ಮ ಬಾಯಲ್ಲಿ ಬಸ್ಸು, ಬೆಂಚ್ ಬೆಂಚು, ಲೈಟ್ ಲೈಟು ಆಗುತ್ತವೆ. ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ಸಿಲಬಲ್. ನಮ್ಮ ಬಾಯಲ್ಲಿ ಎರಡು. ಫಿಲ್ಮ್ ಒಂದು, ಫಿಲಂ ಎರಡು. ಸ್ಕೂಲ್ ಒಂದು, ಹಳ್ಳಿಯ ಹಿರಿಯರ ಇಸ್ಕೂಲು ಮೂರು. ಕನ್ನಡದಲ್ಲಿ ಹೀಗೆ ಹೇಳುವುದು ತಪ್ಪಲ್ಲ, ಅದು ಪದವನ್ನು ನಮ್ಮದಾಗಿಸಿಕೊಂಡ ರೀತಿ. ಆದರೆ ಎಣಿಸುವಾಗ ಆ ಕೊನೆಯ ಉಕಾರವನ್ನು ಬಿಟ್ಟು ಎಣಿಸಿ.

ಅಕ್ಷರಗಳ ಸಂಖ್ಯೆಗೂ ಸಿಲಬಲ್ ಸಂಖ್ಯೆಗೂ ಸಂಬಂಧವಿಲ್ಲ ಎಂಬುದನ್ನೂ ಈಗಲೇ ಮನಗಾಣಿ. ಶಕ್ತಿ ಎಂಬ ಅರ್ಥದ ಸ್ಟ್ರೆಂತ್ ಪದದಲ್ಲಿ 8 ಅಕ್ಷರಗಳಿವೆ, ಸಿಲಬಲ್ ಒಂದೇ. ಐಡಿಯಾ ಪದದಲ್ಲಿ 4 ಅಕ್ಷರಗಳಿವೆ, ಸಿಲಬಲ್ ಮೂರು.

ಹೆಜ್ಜೆ 2: ಬಾಲ ಕತ್ತರಿಸುವುದು

ಉದ್ದ ಪದವನ್ನು ಕೊನೆಯಿಂದ ನೋಡಲು ಆರಂಭಿಸಿ. ಪ್ರತ್ಯಯಗಳು ಕೆಲವೇ, ಮತ್ತೆ ಮತ್ತೆ ಬರುವಂಥವು. ಅವನ್ನು ಅಕ್ಷರ ಅಕ್ಷರವಾಗಿ ಓದದೆ ಇಡಿಯಾಗಿ ಗುರುತಿಸಬೇಕು. ಟಿ-ಐ-ಓ-ಎನ್ ಎಂದರೆ ಷನ್. ಎಸ್-ಐ-ಓ-ಎನ್ ಎಂದರೆ ಕೆಲವೆಡೆ ಷನ್, ಫ್ಯೂಷನ್‌ನಂಥ ಪದಗಳಲ್ಲಿ ಝನ್‌ಗೆ ಹತ್ತಿರದ ಮೃದು ಧ್ವನಿ. ಟಿ-ಯು-ಆರ್-ಇ ಎಂದರೆ ಚರ್: ಮಿಕ್ಸ್ಚರ್, ಟೆಂಪರೇಚರ್. ಸಿ-ಐ-ಎ-ಎಲ್ ಮತ್ತು ಟಿ-ಐ-ಎ-ಎಲ್ ಎರಡೂ ಷಲ್. ಓ-ಯು-ಎಸ್ ಎಂದರೆ ಅಸ್. ಇವುಗಳ ಜೊತೆಗೆ ಮೆಂಟ್, ನೆಸ್, ಅಬಲ್, ಇಟಿ, ಇಕ್, ಅಲ್, ಇಸಂ, ಲಾಜಿ.

ಇವುಗಳಲ್ಲಿ ಅತಿ ಉದ್ದದ ಬಾಲ ಐಸೇಷನ್. ಇದು ಐಸ್ ಮತ್ತು ಏಷನ್ ಎಂಬ ಎರಡು ಪ್ರತ್ಯಯಗಳ ಜೋಡಿ, ಮಕ್ಕಳನ್ನು ಹೆಚ್ಚು ಹೆದರಿಸುವುದೂ ಇದೇ. ಕನ್ನಡದಲ್ಲಿ ಇದಕ್ಕೆ ನೇರ ಸಾಟಿ ಉಂಟು: ಈಕರಣ. ಪೋಲರೈಸೇಷನ್ ಧ್ರುವೀಕರಣ, ಅಯನೈಸೇಷನ್ ಅಯಾನೀಕರಣ. ಸಮಾಜ ವಿಜ್ಞಾನದಲ್ಲಿ 1991ರ ಆರ್ಥಿಕ ಸುಧಾರಣೆಯ ಪಾಠ ಓದಿದವರಿಗೆ ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂಬ ಮೂರು ಪದಗಳು ಬಾಯಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಅವು ಲಿಬರಲೈಸೇಷನ್, ಪ್ರೈವೆಟೈಸೇಷನ್, ಗ್ಲೋಬಲೈಸೇಷನ್. ಈಕರಣ ತೆಗೆದರೆ ಉದಾರ, ಖಾಸಗಿ, ಜಗತ್ತು ಉಳಿಯುವಂತೆ, ಐಸೇಷನ್ ತೆಗೆದರೆ ಲಿಬರಲ್, ಪ್ರೈವೇಟ್, ಗ್ಲೋಬಲ್ ಉಳಿಯುತ್ತವೆ. ಈ ಮೂರು ಚಿಕ್ಕ ಪದಗಳನ್ನು ಓದಲು ಯಾರೂ ಹೆದರುವುದಿಲ್ಲ.

ಬಾಲ ಒಂದಕ್ಕಿಂತ ಹೆಚ್ಚಿರಬಹುದು. ಪ್ರತಿ ಬಾಲಕ್ಕೂ ಒಂದು ಗೆರೆ ಎಳೆಯುತ್ತ ಒಳಕ್ಕೆ ಬನ್ನಿ.

ಹೆಜ್ಜೆ 3: ತಲೆ ಬೇರೆ ಮಾಡುವುದು

ಈಗ ಪದದ ಆರಂಭ. ಅನ್, ರೀ, ಇನ್, ಡಿಸ್, ಈ ನಾಲ್ಕು ಉಪಸರ್ಗಗಳನ್ನು ಮೊದಲು ಕಲಿಯಿರಿ; ಶಾಲೆಯ ಪುಸ್ತಕಗಳಲ್ಲಿ ಅತಿ ಹೆಚ್ಚು ಕಾಣುವುದು ಇವೇ. ನಂತರ ಪ್ರೀ, ಪ್ರೋ, ಸಬ್, ಟ್ರಾನ್ಸ್, ಇಂಟರ್, ಯೂನಿ, ಮಲ್ಟಿ, ಮೈಕ್ರೋ, ಟೆಲಿ, ಹೈಡ್ರೋ, ಥರ್ಮೋ.

ಆರಂಭದ ಅಕ್ಷರಗಳು ಉಪಸರ್ಗದಂತೆ ಕಂಡ ಮಾತ್ರಕ್ಕೆ ಉಪಸರ್ಗವಲ್ಲ. ಅಂಕಲ್ ಮತ್ತು ಅಂಡರ್ ಎರಡೂ ಯು-ಎನ್ ಅಕ್ಷರಗಳಿಂದಲೇ ಆರಂಭವಾಗುತ್ತವೆ. ಅಲ್ಲಿ ನಿಷೇಧಾರ್ಥದ ಅನ್ ಇಲ್ಲ. ಪರೀಕ್ಷೆ ಸುಲಭ: ತಲೆ ತೆಗೆದ ಮೇಲೆ ಉಳಿದದ್ದಕ್ಕೆ ಅರ್ಥವಿದೆಯೇ, ಆ ಅರ್ಥ ಇಡೀ ಪದದ ಅರ್ಥಕ್ಕೆ ಹೊಂದುತ್ತದೆಯೇ ಎಂದು ನೋಡಿ. ಹೊಂದದಿದ್ದರೆ ಗೆರೆ ಅಳಿಸಿ.

ಅಕ್ಷರಜೋಡಿಗಳ ವಿಷಯದಲ್ಲಿಯೂ ಈ ಹೆಜ್ಜೆ ಕಾಪಾಡುತ್ತದೆ. ಎಸ್-ಎಚ್ ಜೊತೆಯಾಗಿ ಬಂದರೆ ಷ್ ಎಂದು ಕಲಿತಿದ್ದೇವೆ. ಆದರೆ ಅವಘಡ ಎಂಬ ಅರ್ಥದ ಮಿಸ್‌ಹ್ಯಾಪ್ ಪದದಲ್ಲಿ ಎಸ್ ಸೇರಿರುವುದು ಮಿಸ್ ಎಂಬ ಉಪಸರ್ಗಕ್ಕೆ, ಎಚ್ ಸೇರಿರುವುದು ಹ್ಯಾಪ್‌ಗೆ. ಉಪಸರ್ಗ ಗುರುತಿಸದವರು ‘ಮಿಷಪ್’ ಎಂದು ಓದುತ್ತಾರೆ.

ಕೂಡಿದ ಜಾಗದಲ್ಲಿ ಆಗುವ ಬದಲಾವಣೆ: ಇದು ಸಂಧಿಯೇ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸ್ಪೆಲ್ಲಿಂಗ್ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಈ ಕೂಡುಜಾಗದಲ್ಲಿ.

ತತ್ ಮತ್ತು ಲೀನ ಸೇರಿದರೆ ತಲ್ಲೀನ ಆಗುತ್ತದೆ. ತಕಾರ ಮುಂದಿನ ಲಕಾರವನ್ನು ನೋಡಿ ತಾನೂ ಲಕಾರವಾಯಿತು. ಇಂಗ್ಲಿಷಿನ ಇನ್ ಉಪಸರ್ಗ ಮಾಡುವುದೂ ಇದನ್ನೇ. ಇನ್ + ಲೀಗಲ್ ಇಲ್ಲೀಗಲ್ ಆಯಿತು. ಇನ್ + ರೆಗ್ಯುಲರ್ ಇರ್‌ರೆಗ್ಯುಲರ್ ಆಯಿತು. ಪಾಸಿಬಲ್ ಮುಂದೆ ಅದು ಇಂ ಆಗಿ ಇಂಪಾಸಿಬಲ್ ಆಯಿತು. ಇದು ಗೊತ್ತಿದ್ದರೆ ಇಲ್ಲೀಗಲ್ ಪದಕ್ಕೆ ಎರಡು ಎಲ್ ಏಕೆ ಎಂದು ಬಾಯಿಪಾಠ ಮಾಡಬೇಕಿಲ್ಲ: ಒಂದು ಉಪಸರ್ಗದ್ದು, ಇನ್ನೊಂದು ಪದದ್ದು.

ಭೌತಶಾಸ್ತ್ರದ ಅಟ್ರಾಕ್ಷನ್ ಪದವನ್ನು ಹತ್ತಿರದಿಂದ ನೋಡೋಣ. ಎ-ಟಿ-ಟಿ-ಆರ್-ಎ-ಸಿ-ಟಿ-ಐ-ಓ-ಎನ್. ಬಾಲ ಷನ್. ನಡುವಿನ ಟ್ರಾಕ್ಟ್ ಲ್ಯಾಟಿನ್ ಮೂಲದ್ದು, ಎಳೆ ಎಂದು ಅರ್ಥ. ಎಳೆಯುವ ಯಂತ್ರಕ್ಕೆ ಟ್ರಾಕ್ಟರ್ ಎನ್ನುವುದು ಅದಕ್ಕೇ. ಉಳಿದ ಎ-ಟಿ ಏನು? ಅದು ‘ಕಡೆಗೆ’ ಎಂಬ ಅರ್ಥದ ಅಡ್ ಎಂಬ ಉಪಸರ್ಗ. ಟಕಾರದ ಮುಂದೆ ನಿಂತು ಡಕಾರ ಟಕಾರವಾಗಿದೆ. ಎರಡು ಟಿ ಬಂದದ್ದು ಹೀಗೆ. ಈಗ ಕನ್ನಡ ಪಠ್ಯದ ಪದ ನೋಡಿ: ಆಕರ್ಷಣೆ. ಆ ಎಂದರೆ ಕಡೆಗೆ, ಕರ್ಷಣೆ ಎಂದರೆ ಎಳೆತ. ತುಂಡಿಗೆ ತುಂಡು ಹೊಂದುತ್ತದೆ. ಪದದ ಆರಂಭದಲ್ಲಿ ಸ್ವರದ ನಂತರ ಜೋಡಿ ವ್ಯಂಜನ ಕಂಡರೆ, ಅಲ್ಲಿ ಇಂಥದೊಂದು ಸಂಧಿ ನಡೆದಿದೆಯೇ ಎಂದು ಅನುಮಾನಿಸಿ. ಕಲೆಕ್ಟ್, ಕರೆಕ್ಟ್, ಅಫೆಕ್ಟ್ ಎಲ್ಲವೂ ಹೀಗೆ ಆದವು.

ಬಾಲ ಸೇರುವಾಗಲೂ ಸಂಧಿ ಉಂಟು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಲೋಪವಾಗುವಂತೆ, ಇವ್ಯಾಪರೇಟ್ ಪದಕ್ಕೆ ಐ-ಓ-ಎನ್ ಸೇರಿದಾಗ ಕೊನೆಯ ಇ ಲೋಪವಾಗುತ್ತದೆ. ಹ್ಯಾಪಿ ಪದಕ್ಕೆ ನೆಸ್ ಸೇರಿದಾಗ ವೈ ಹೋಗಿ ಐ ಬರುತ್ತದೆ; ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕಕಾರಕ್ಕೆ ಗಕಾರ ಬಂದಂತೆ ಇದು ಆದೇಶ. ರನ್ ಪದಕ್ಕೆ ಇಂಗ್ ಸೇರಿದಾಗ ಹೆಚ್ಚಿಗೆ ಒಂದು ಎನ್ ಬರುವುದನ್ನು ಆಗಮದ ಪಕ್ಕ ಇಟ್ಟು ನೆನಪಿಟ್ಟುಕೊಳ್ಳಬಹುದು. ಬಾಲ ಕತ್ತರಿಸಿದ ಮೇಲೆ ಉಳಿದ ಪದ ಮೊಂಡಾಗಿ ಕಂಡರೆ, ಲೋಪವಾದ ಇ ಅಕ್ಷರವನ್ನು ಮತ್ತೆ ಸೇರಿಸಿ ನೋಡಿ.

ಹೆಜ್ಜೆ 4: ಉಳಿದ ನಡುಭಾಗವನ್ನು ಉಚ್ಚಾರದ ಪ್ರಕಾರ ಒಡೆಯುವುದು

ಕನ್ನಡ ಲಿಪಿಯ ಅಭ್ಯಾಸ ನಮ್ಮನ್ನು ಅಡ್ಡದಾರಿಗೆ ಎಳೆಯುವುದು ಇಲ್ಲಿ. ಕನ್ನಡದಲ್ಲಿ ಎರಡು ವ್ಯಂಜನ ಸೇರಿದರೆ ಒತ್ತಕ್ಷರವಾಗಿ ಮುಂದಿನ ಸ್ವರದೊಂದಿಗೆ ಹೋಗುತ್ತವೆ. ಡಾಕ್ಟರ್ ಎಂದು ಬರೆದರೆ ಕಣ್ಣಿಗೆ ಡಾ, ಕ್ಟ, ರ್ ಎಂದು ಕಾಣುತ್ತದೆ. ಮ್ಯಾಗ್ನೆಟ್ ಪದ ಮ್ಯಾ, ಗ್ನೆ, ಟ್ ಎಂದು ಕಾಣುತ್ತದೆ. ಇಂಗ್ಲಿಷ್ ಒಡೆಯುವುದು ಡಾಕ್-ಟರ್, ಮ್ಯಾಗ್-ನೆಟ್.

ಇದಕ್ಕೆ ಮದ್ದು ಪ್ರಸ್ತಾರದಲ್ಲಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕಲಿತಿದ್ದೀರಿ. ಕನ್ನಡ ಎಂಬಲ್ಲಿ ಕ ಹ್ರಸ್ವವಾದರೂ ಗುರು. ಏಕೆ? ಬಾಯಲ್ಲಿ ಅದು ಕನ್-ನ-ಡ ಎಂದು ಒಡೆಯುತ್ತದೆ. ಮೊದಲ ನಕಾರ ಹಿಂದಿನ ಅಕ್ಷರಕ್ಕೆ ಭಾರ ಹಾಕುತ್ತದೆ. ಲಿಪಿ ಒಂದು ಕಡೆ ಒಡೆದರೆ ಛಂದಸ್ಸು ಕಿವಿಯನ್ನು ನಂಬಿ ಇನ್ನೊಂದು ಕಡೆ ಒಡೆಯಿತು. ಇಂಗ್ಲಿಷ್ ಓದುವಾಗ ಛಂದಸ್ಸಿನ ದಾರಿ ಹಿಡಿಯಿರಿ.

ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳಿದ್ದರೆ ನಡುವೆ ಗೆರೆ: ಸಿಸ್-ಟಂ, ಕಾರ್-ಬನ್. ಮೂರಿದ್ದರೆ ಸಾಮಾನ್ಯವಾಗಿ ಮೊದಲನೆಯದರ ನಂತರ: ಹಂಡ್ರೆಡ್ ಪದ ಹನ್-ಡ್ರೆಡ್. ಸಿ-ಎಚ್, ಟಿ-ಎಚ್, ಪಿ-ಎಚ್, ಎಸ್-ಎಚ್ ಒಂದೇ ಧ್ವನಿಯ ಜೋಡಿಗಳು. ಮಿಸ್‌ಹ್ಯಾಪ್‌ನಂಥ ಕೂಡುಜಾಗ ಬಿಟ್ಟರೆ ಅವನ್ನು ಬೇರ್ಪಡಿಸಬೇಡಿ.

ನಡುವೆ ಒಂದೇ ವ್ಯಂಜನ ಇದ್ದರೆ ಖಚಿತ ನಿಯಮವಿಲ್ಲ. ಕೆಲವು ಪುಸ್ತಕಗಳು ನಿಯಮ ಇರುವಂತೆ ಬರೆಯುತ್ತವೆ; ನಾನು ಹಾಗೆ ಕಲಿಸುವುದನ್ನು ಒಪ್ಪುವುದಿಲ್ಲ. ವ್ಯಂಜನದ ಮುಂಚೆ ಒಡೆದರೆ ಮೊದಲ ಸಿಲಬಲ್ ಸ್ವರದಲ್ಲಿ ಮುಗಿಯುತ್ತದೆ, ಸ್ವರ ಅಲ್ಲಿ ತನ್ನ ಅಕ್ಷರದ ಹೆಸರನ್ನೇ ಹೇಳುತ್ತದೆ: ಟೈ-ಗರ್, ಮೋ-ಟರ್. ವ್ಯಂಜನದ ನಂತರ ಒಡೆದರೆ ಸ್ವರ ಗಿಡ್ಡವಾಗುತ್ತದೆ: ಕ್ಯಾಮ್-ಎಲ್, ಮೆಟ್-ಅಲ್. ಯಾವುದು ಸರಿ? ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ‘ಮೀಟಲ್’ ಎಂದಾಗ ಕೇಳಿದ ಪದವೆನಿಸುವುದಿಲ್ಲ, ‘ಮೆಟಲ್’ ಎಂದಾಗ ಅನ್ನಿಸುತ್ತದೆ. ಕಿವಿಯೇ ತೀರ್ಪು ಕೊಡಲಿ. ಕಿವಿಗೂ ಹೊಸದಾದ ಪದವಾದರೆ ಮೊಬೈಲಿನ ನಿಘಂಟಿನಲ್ಲಿ ಉಚ್ಚಾರ ಕೇಳಿ.

ಕೊನೆಯಲ್ಲಿ ವ್ಯಂಜನ, ಎಲ್, ಇ ಬಂದರೆ ಆ ಮೂರೂ ಸೇರಿ ಒಂದು ಸಿಲಬಲ್: ಟೇ-ಬಲ್, ಪಾರ್-ಟಿ-ಕಲ್. ಸ್ವರ, ವ್ಯಂಜನ, ಕೊನೆಗೊಂದು ಮೌನದ ಇ ಇದ್ದರೆ ಒಡೆಯಬೇಡಿ, ಮೊದಲ ಸ್ವರ ಉದ್ದವಾಗುತ್ತದೆ. ಕಾರ್ಬೋಹೈಡ್ರೇಟ್ ಪದದ ಕೊನೆಯ ಡ್ರೇಟ್ ಹಾಗೆ. ಸ್ವರದ ಪಕ್ಕ ಆರ್ ಬಂದರೆ ಸಾಮಾನ್ಯವಾಗಿ ಎರಡೂ ಬಿಡದ ಜೋಡಿ.

ಎರಡು ಸ್ವರಗಳು ಅಕ್ಕಪಕ್ಕ ಬಂದಾಗ ವಿಜ್ಞಾನದ ಪದಗಳಲ್ಲಿ ವಿಶೇಷ ಎಚ್ಚರ ಬೇಕು. ನಿತ್ಯದ ಇಂಗ್ಲಿಷಿನಲ್ಲಿ ಹೀಟ್, ಬೋಟ್ ಪದಗಳಂತೆ ಎರಡು ಸ್ವರ ಸೇರಿ ಒಂದು ಧ್ವನಿಯಾಗುವುದು ಹೆಚ್ಚು. ಲ್ಯಾಟಿನ್ ಮತ್ತು ಗ್ರೀಕ್ ಮೂಲದ ಪದಗಳಲ್ಲಿ ಅವು ಬೇರೆ ಬೇರೆಯಾಗಿಯೇ ಉಳಿಯುವುದು ಸಾಮಾನ್ಯ: ನ್ಯೂ-ಕ್ಲಿ-ಅಸ್, ರೇ-ಡಿ-ಅಸ್, ಬ್ಯಾಕ್-ಟೀ-ರಿ-ಯ, ಬೈ-ಓ.

ಹೆಜ್ಜೆ 5: ಕೂಡಿಸಿ ಹೇಳುವುದು, ಒತ್ತು ಸರಿಪಡಿಸುವುದು

ತುಂಡುಗಳನ್ನು ಒಂದೊಂದಾಗಿ ಓದಿ, ನಂತರ ಎರಡೆರಡು ಸೇರಿಸಿ, ಕೊನೆಗೆ ಒಂದೇ ಉಸಿರಿನಲ್ಲಿ ಹೇಳಿ. ಇಷ್ಟಾದರೂ ಪದ ಪರಿಚಿತವೆನಿಸದಿದ್ದರೆ ಒತ್ತು ತಪ್ಪಿರುತ್ತದೆ. ಕನ್ನಡದಲ್ಲಿ ಪ್ರತಿ ಸ್ವರವನ್ನೂ ಹೆಚ್ಚುಕಡಿಮೆ ಸಮಾನವಾಗಿ ನುಡಿಯುತ್ತೇವೆ. ಇಂಗ್ಲಿಷ್ ಒಂದು ಸಿಲಬಲ್ಲನ್ನು ಎತ್ತಿ ಹೇಳಿ, ಉಳಿದವುಗಳಲ್ಲಿ ಹಲವನ್ನು ಮಸುಕಾದ ಅಕಾರಕ್ಕೆ ಇಳಿಸುತ್ತದೆ.

ಒತ್ತು ಎಲ್ಲಿ ಬೀಳುತ್ತದೆಂದು ಹೇಳುವುದು ಹಲವು ವೇಳೆ ಬಾಲವೇ. ಷನ್, ಇಕ್, ಇಟಿ ಬಂದರೆ ಅವುಗಳ ಹಿಂದಿನ ಸಿಲಬಲ್ ಮೇಲೆ ಒತ್ತು. ಫೋಟೋಗ್ರಾಫ್ ಪದದಲ್ಲಿ ಒತ್ತು ಫೋ ಮೇಲೆ. ಫೋಟೋಗ್ರಾಫಿಕ್ ಆದಾಗ ಗ್ರಾಫ್ ಮೇಲೆ. ಲಾಜಿ ಎಂದು ಮುಗಿಯುವ ಶಾಸ್ತ್ರಗಳ ಹೆಸರುಗಳಲ್ಲಿ ಒತ್ತು ಎಲ್ ಅಕ್ಷರಕ್ಕೆ ಮುಂಚಿನ ಓ ಇರುವ ಸಿಲಬಲ್ ಮೇಲೆ: ಬೈ-ಆ-ಲ-ಜಿ ಎಂಬಲ್ಲಿ ‘ಆ’ ಎತ್ತರಿಸಿ ಹೇಳುತ್ತಾರೆ. ಇಲೆಕ್ಟ್ರಿಕ್ ಪದಕ್ಕೆ ಇಟಿ ಸೇರಿ ಇಲೆಕ್ಟ್ರಿಸಿಟಿ ಆದಾಗ ಒತ್ತು ಟ್ರಿಸ್ ಮೇಲೆ ನಿಲ್ಲುತ್ತದೆ, ಸಿ ಅಕ್ಷರದ ಕಕಾರ ಸಕಾರವಾಗುತ್ತದೆ, ಸ್ಪೆಲ್ಲಿಂಗ್ ಮಾತ್ರ ಹಾಗೇ ಉಳಿಯುತ್ತದೆ. ಅಪವಾದಗಳಿವೆ: ಅರಿತ್ಮೆಟಿಕ್ ಎಂಬ ಗಣಿತದ ಹೆಸರಿನಲ್ಲಿ ಒತ್ತು ರಿತ್ ಮೇಲೆ, ಪಾಲಿಟಿಕ್ಸ್ ಪದದಲ್ಲಿ ಪಾಲ್ ಮೇಲೆ.

ಹೆಜ್ಜೆ 6: ಕನ್ನಡ ಪಾರಿಭಾಷಿಕ ಪದದ ಪಕ್ಕದಲ್ಲಿ ಇಟ್ಟು ನೋಡುವುದು

ಕನ್ನಡ ಮಾಧ್ಯಮದವರಿಗೆ ಮಾತ್ರ ಸಿಗುವ ಲಾಭ ಇದು. ನಮ್ಮ ವಿಜ್ಞಾನ ಪಠ್ಯಗಳ ಅನೇಕ ಪದಗಳನ್ನು ಇಂಗ್ಲಿಷ್ ಪದದ ತುಂಡು ತುಂಡಿಗೆ ಸಾಟಿಯಾಗಿ ಕಟ್ಟಲಾಗಿದೆ. ಫೋಟೋ ಎಂದರೆ ಬೆಳಕು, ದ್ಯುತಿ. ಸಿನ್ ಎಂದರೆ ಜೊತೆಯಾಗಿ, ಸಂ. ಥೆಸಿಸ್ ಎಂದರೆ ಇಡುವುದು, ಜೋಡಿಸುವುದು, ಕನ್ನಡದಲ್ಲಿ ಶ್ಲೇಷಣೆ. ದ್ಯುತಿಸಂಶ್ಲೇಷಣೆ ಅರ್ಥವಾದವರಿಗೆ ಫೋಟೋ + ಸಿನ್ + ಥೆಸಿಸ್ ಅರ್ಥವಾಗದೆ ಇರಲು ಸಾಧ್ಯವಿಲ್ಲ. ಉಚ್ಚಾರಕ್ಕೆ ಫೋ-ಟೋ-ಸಿನ್-ಥೆ-ಸಿಸ್, ಐದು ಸಿಲಬಲ್, ಒತ್ತು ಸಿನ್ ಮೇಲೆ. ಟಿ-ಎಚ್ ಒಡೆಯಲಿಲ್ಲ, ವೈ ಅಕ್ಷರ ಸ್ವರದ ಕೆಲಸ ಮಾಡಿತು. 14 ಅಕ್ಷರಗಳ ಭಯ ಮೂರು ತುಂಡುಗಳಲ್ಲಿ ಮುಗಿಯಿತು.

ಯೂನಿಸೆಲ್ಯುಲರ್ ಏಕಕೋಶೀಯ, ಮಲ್ಟಿಸೆಲ್ಯುಲರ್ ಬಹುಕೋಶೀಯ. ಮೈಕ್ರೋಸ್ಕೋಪ್ ಸೂಕ್ಷ್ಮದರ್ಶಕ, ಟೆಲಿಸ್ಕೋಪ್ ದೂರದರ್ಶಕ. ಹೈಡ್ರೋಜನ್ ಜಲಜನಕ, ಆಕ್ಸಿಜನ್ ಆಮ್ಲಜನಕ, ಆಕ್ಸಿ ಎಂದರೆ ಹುಳಿ. ಕ್ಲೋರೋಫಿಲ್ ಪದದಲ್ಲಿ ಕ್ಲೋರೋ ಹಸಿರು, ಫಿಲ್ ಎಲೆ. ಕನ್ನಡದ ಪತ್ರಹರಿತ್ತು ಅದೇ ಎರಡನ್ನು ಹಿಂದುಮುಂದು ಮಾಡಿ ಇಟ್ಟುಕೊಂಡಿದೆ. ಇಲೆಕ್ಟ್ರೋಮ್ಯಾಗ್ನೆಟಿಸಂ 16 ಅಕ್ಷರಗಳ ಪದ: ಇಲೆಕ್ಟ್ರೋ ವಿದ್ಯುತ್, ಮ್ಯಾಗ್ನೆಟ್ ಕಾಂತ, ಇಸಂ ತೆ, ವಿದ್ಯುತ್ಕಾಂತತೆ.

ಇನ್‌ವರ್ಟಿಬ್ರೇಟ್ ಪದವನ್ನು ಎಲ್ಲ ಹೆಜ್ಜೆಗಳಿಗೂ ಒಡ್ಡೋಣ. 12 ಅಕ್ಷರಗಳು. ಬಾಲ ಎ-ಟಿ-ಇ. ತಲೆ ಇನ್, ಅದು ನಿಷೇಧ. ನಡುವೆ ಉಳಿದದ್ದು ವರ್ಟಿಬ್ರ್, ಬೆನ್ನುಮೂಳೆಯ ಮಣಿ. ಉಚ್ಚಾರಕ್ಕೆ: ಇನ್ ಒಂದು ತುಂಡು, ಸ್ವರದ ಪಕ್ಕ ಆರ್ ಇರುವುದರಿಂದ ವರ್ ಒಂದು, ಟಿ, ಕೊನೆಗೆ ಬ್ರೇಟ್, ಮೌನದ ಇ ಇರುವುದರಿಂದ ಒಡೆಯುವಂತಿಲ್ಲ. ಇನ್-ವರ್-ಟಿ-ಬ್ರೇಟ್, ಒತ್ತು ವರ್ ಮೇಲೆ. ಕನ್ನಡದಲ್ಲಿ ಅಕಶೇರುಕ: ಇನ್ ಜಾಗದಲ್ಲಿ ಅ, ವರ್ಟಿಬ್ರೇಟ್ ಜಾಗದಲ್ಲಿ ಕಶೇರುಕ.

ಕೆಲವು ತುಂಡುಗಳು ಧ್ವನಿಯಲ್ಲೂ ಪರಿಚಿತವೆನಿಸುತ್ತವೆ, ಅದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಹೇಳಿದರು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಆ ನಂಟು ನಮಗೂ ದಕ್ಕಿದೆ. ಡೆಂಟಲ್ ಪದದ ಡೆಂಟ್ ಮತ್ತು ದಂತ, ಪೆಡಲ್ ಪದದ ಪೆಡ್ ಮತ್ತು ಪಾದ, ಇಂಟರ್ ಮತ್ತು ಅಂತರ್, ಟ್ರೈ ಮತ್ತು ತ್ರಿ, ಅನುಚಿತ ಪದದ ಅನ್ ಮತ್ತು ಇಂಗ್ಲಿಷಿನ ಅನ್ ಒಂದೇ ಬಳ್ಳಿಯವು. ಸೆಪ್ಟೆಂಬರ್, ನವೆಂಬರ್, ಡಿಸೆಂಬರ್ ಹೆಸರುಗಳಲ್ಲಿ ಸಪ್ತ, ನವ, ದಶ ಕೇಳಿಸುವುದಕ್ಕೂ ಇದೇ ಕಾರಣ. ರೋಮನ್ನರ ಹಳೆಯ ಪಂಚಾಂಗದಲ್ಲಿ ಅವು ಏಳನೆಯ, ಒಂಬತ್ತನೆಯ, ಹತ್ತನೆಯ ತಿಂಗಳುಗಳಾಗಿದ್ದವು.

ಅಭ್ಯಾಸ ಮಾಡುವ ರೀತಿ

ದಿನಕ್ಕೆ ಹತ್ತು ನಿಮಿಷ, ನಾಲ್ಕೇ ಪದ ಸಾಕು. ಆ ದಿನ ತರಗತಿಯಲ್ಲಿ ಬಂದ ಪಾಠದಿಂದಲೇ ಪದಗಳನ್ನು ಆರಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಪ್ರತಿ ಪದಕ್ಕೂ ಒಂದು ಸಾಲು: ಇಡೀ ಪದ, ಅರ್ಥದ ತುಂಡುಗಳು, ಉಚ್ಚಾರದ ತುಂಡುಗಳು, ಒತ್ತು ಬೀಳುವ ತುಂಡಿನ ಕೆಳಗೆ ಗೆರೆ, ಕನ್ನಡದ ಪದ. ನಂತರ ಪುಸ್ತಕ ಮುಚ್ಚಿ, ತುಂಡು ತುಂಡಾಗಿ ಹೇಳಿಕೊಳ್ಳುತ್ತ ಬರೆಯಿರಿ. ಅಕ್ಷರಗಳ ಹೆಸರು ಹೇಳಿಕೊಂಡು ಬರೆಯಬೇಡಿ. ಫೋಟೋ ಎಂದು ಬಾಯಲ್ಲಿ ಹೇಳುತ್ತ ಫೋಟೋ ಭಾಗವನ್ನು ಬರೆಯಿರಿ.

ಒಂದು ಧಾತು ಸಿಕ್ಕರೆ ಅದರ ಬಳಗವನ್ನು ಹುಡುಕಿ. ಹೊರು ಎಂಬ ಅರ್ಥದ ಪೋರ್ಟ್ ಸಿಕ್ಕರೆ ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟಬಲ್ ಎಲ್ಲ ಒಟ್ಟಿಗೆ ಬರುತ್ತವೆ. ನೋಡು ಎಂಬ ಅರ್ಥದ ಸ್ಪೆಕ್ಟ್, ಒಡೆ ಎಂಬ ಅರ್ಥದ ರಪ್ಟ್, ಬರೆ ಎಂಬ ಅರ್ಥದ ಸ್ಕ್ರಿಪ್ಟ್ ಇವುಗಳಿಗೂ ದೊಡ್ಡ ಬಳಗಗಳಿವೆ.

ಶಿಕ್ಷಕರಲ್ಲಿ ಒಂದು ಮನವಿ. ಹೊಸ ಪಾಠ ಆರಂಭಿಸುವ ಮುನ್ನ ಅದರಲ್ಲಿನ ಐದು ಉದ್ದ ಪದಗಳನ್ನು ಕಪ್ಪುಹಲಗೆಯ ಮೇಲೆ ತುಂಡು ಮಾಡಿ ಬರೆಯಿರಿ, ಕನ್ನಡದ ಪದವನ್ನೂ ಪಕ್ಕದಲ್ಲಿ ಬರೆಯಿರಿ, ಇಡೀ ತರಗತಿ ಜೋರಾಗಿ ಹೇಳಲಿ. ಐದು ನಿಮಿಷದ ಕೆಲಸ. ತಪ್ಪು ಉಚ್ಚಾರಕ್ಕೆ ಯಾರೂ ನಗದಂತೆ ನೋಡಿಕೊಳ್ಳಿ. ಒಮ್ಮೆ ನಗೆಪಾಟಲಾದ ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದೆ ಈ ವಿದ್ಯೆ ಬರುವುದಿಲ್ಲ.

ಕೊನೆಗೊಂದು ಕಸರತ್ತು. ಇಂಗ್ಲಿಷ್ ನಿಘಂಟುಗಳಲ್ಲಿರುವ 45 ಅಕ್ಷರಗಳ ಪದವೊಂದಿದೆ, ಉದ್ದಕ್ಕೆಂದೇ ಕಟ್ಟಿದ ಪದ. ತುಂಡುಗಳನ್ನು ಮಾತ್ರ ಕೊಡುತ್ತೇನೆ: ನ್ಯೂಮೋನೋ + ಅಲ್ಟ್ರಾ + ಮೈಕ್ರೋಸ್ಕೋಪಿಕ್ + ಸಿಲಿಕೋ + ವಾಲ್ಕೇನೋ + ಕೋನಿ + ಓಸಿಸ್. ಆರಂಭದ ಪಿ ಅಕ್ಷರ ಮೌನ. ಕ್ರಮವಾಗಿ ಶ್ವಾಸಕೋಶ, ಅತಿ, ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ, ಸಿಲಿಕಾ, ಜ್ವಾಲಾಮುಖಿ, ಧೂಳು, ರೋಗಸ್ಥಿತಿ. ಅತಿ ಸೂಕ್ಷ್ಮ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಎಂದಾಯಿತು. ವೈದ್ಯರು ಬಳಸುವುದು ಇದರ ಗಿಡ್ಡ ರೂಪದಂತಿರುವ ಸಿಲಿಕೋಸಿಸ್ ಎಂಬ ಪದವನ್ನು. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರನ್ನು ಕಾಡಿದ ರೋಗ ಅದು. ಆ 45 ಅಕ್ಷರಗಳನ್ನು ಹಾಳೆಯ ಮೇಲೆ ಬರೆದು ಉಚ್ಚಾರದ ಗೆರೆಗಳನ್ನು ನೀವೇ ಎಳೆಯಿರಿ. ಎಲ್ಲ ಸರಿಬಂದರೆ 19 ಸಿಲಬಲ್ ಸಿಗಬೇಕು.